ಎಡಗೈಗೆ ಟೆನಿಸ್ ಕಲಿಸಿದ ಕಥೆ

ಬಲ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಗಿ ತಿಂಗಳಾದರೂ ನಾನು ಆಡುತ್ತಲೇ ಇದ್ದೆ. ಆಡುವಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ಬಾಟಲಿಯ ಮುಚ್ಚಳ ತಿರುಗಿಸಲು ಹೋದರೆ ಚುಳ್ ಅನ್ನುತ್ತಿತ್ತು. ಒಂದು ದಿನ ನೀರು ತುಂಬಿದ ಲೋಟ ಎತ್ತುವಾಗ ಕೈ ಸೋತು ಎಲ್ಲವನ್ನೂ ಮೈಮೇಲೆ ಚೆಲ್ಲಿಕೊಂಡೆ. ಆಮೇಲೆ ಡಾಕ್ಟರ ಹತ್ತಿರ ಹೋದೆ. ಟೆನಿಸ್ ಎಲ್ಬೋ ಅಂದರು. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈ ಮೂಳೆಗೆ ಅಂಟಿಕೊಂಡಿರುವ ಜಾಗದ ತೊಂದರೆ ಅದು. ರಾಕೆಟ್ ಮುಟ್ಟದವರಿಗೂ ಬರುತ್ತದೆ. ಆದರೆ ನನ್ನದು ಹೆಸರಿಗೆ ತಕ್ಕ ಹಾಗೆ ಟೆನಿಸ್‌ನಿಂದಲೇ ಬಂದದ್ದು, ಒಂದೇ ಕೈಯ ಬ್ಯಾಕ್‌ಹ್ಯಾಂಡಿನಿಂದ, ಅಂದರೆ ರಾಕೆಟ್ ಹಿಡಿದ ಕೈಯ ಆಚೆ ಬದಿಗೆ ಬಂದ ಚೆಂಡನ್ನು ಕೈಯ ಹಿಂಬದಿ ಮುಂದೆ ಮಾಡಿ ಹೊಡೆಯುವ ಹೊಡೆತದಿಂದ. ಅದೂ ಚೆಂಡು ಮೈಯನ್ನು ದಾಟಿಹೋಗುವವರೆಗೆ ಸುಮ್ನೆ ನಿಂತಿದ್ದು ಆಮೇಲೆ ಮಣಿಕಟ್ಟು ಕುಣಿಸಿ ಹೊಡೆಯುವ ಬ್ಯಾಕ್‌ಹ್ಯಾಂಡ್. ಆರು ವಾರ ಬಲಗೈಯಲ್ಲಿ ರಾಕೆಟ್ ಹಿಡಿಯಬೇಡಿ ಅಂದರು.

ಬಲಗೈಯಲ್ಲಿ ಅಂದರು, ಅಲ್ವಾ? ಎಡಗೈಯ ಮಾತೇ ಎತ್ತಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಎರಡೂ ಕೈಯಲ್ಲಿ ಆಡುವುದು ಅಂದರೆ ಜನ ಸಾಮಾನ್ಯವಾಗಿ ಎರಡು ಕೈ ಸೇರಿಸಿ ಹೊಡೆಯುವ ಬ್ಯಾಕ್‌ಹ್ಯಾಂಡ್ ಅಂದುಕೊಳ್ಳುತ್ತಾರೆ. ಅದನ್ನು ಈಗ ಅರ್ಧಕ್ಕಿಂತ ಜಾಸ್ತಿ ಜನ ಹೊಡೆಯುತ್ತಾರೆ, ಅದರಲ್ಲೇನೂ ವಿಶೇಷ ಇಲ್ಲ. ನಾನು ಹೇಳುತ್ತಿರುವುದು ಚೆಂಡು ಬಲಕ್ಕೆ ಬಂದರೆ ಬಲಗೈ ಫೋರ್‌ಹ್ಯಾಂಡ್ (ಅಂಗೈ ಮುಂದೆ ಮಾಡಿ ಹೊಡೆಯುವ ಹೊಡೆತ), ಎಡಕ್ಕೆ ಬಂದರೆ ರಾಕೆಟನ್ನು ಎಡಗೈಗೆ ದಾಟಿಸಿ ಎಡಗೈ ಫೋರ್‌ಹ್ಯಾಂಡ್ ಹೊಡೆಯುವ ಆಟ. ಬ್ಯಾಕ್‌ಹ್ಯಾಂಡೇ ಇಲ್ಲದ ಟೆನಿಸ್. ಶುರುವಿನಲ್ಲಿ ನನಗೆ ಇಷ್ಟು ದೊಡ್ಡ ಆಸೆ ಇರಲಿಲ್ಲ ಬಿಡಿ. ಆರು ವಾರ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ, ಅದಕ್ಕಿಂತ ಎಡಗೈಯಲ್ಲಿ ಗೋಡೆಗೆ ಹೊಡೆದುಕೊಂಡಿರೋಣ ಅನ್ನುವುದಷ್ಟೇ ಇದ್ದದ್ದು.

ಮೊದಲ ದಿನದ ಬಗ್ಗೆ ಏನು ಹೇಳಲಿ. ‘ಅದೇನು ಮಹಾ, ಎಡಗೈಲಿ ಮಾಡ್ತೀನಿ’ ಅಂತ ನಾವು ಹೇಳುತ್ತೇವಲ್ಲ, ಆ ಮಾತನ್ನು ಯಾರು ಹುಟ್ಟಿಸಿದರೋ ಅವರು ಎಡಗೈಯಲ್ಲಿ ಏನನ್ನೂ ಮಾಡಿ ನೋಡಿರಲಿಕ್ಕಿಲ್ಲ. ಮೊದಲ ಐದಾರು ಚೆಂಡು ರಾಕೆಟಿಗೇ ಸಿಗಲಿಲ್ಲ. ಏಳನೆಯದು ಫ್ರೇಮಿಗೆ ಬಡಿದು ನನ್ನ ಮೊಣಕಾಲಿಗೇ ಬಂತು. ವರ್ಷಗಟ್ಟಲೆ ಆಡಿದವನು, ಚೆಂಡು ಎಲ್ಲಿ ಪುಟಿಯುತ್ತದೆ ಅಂತ ಕಣ್ಣಿಗೆ ಚೆನ್ನಾಗಿ ಗೊತ್ತು, ಕಾಲು ಸರಿಯಾದ ಜಾಗಕ್ಕೇ ಹೋಗಿ ನಿಲ್ಲುತ್ತದೆ, ಆದರೆ ಕೈ ಮಾತ್ರ ಯಾರದೋ ಬೇರೆಯವರದು.

ಕಾಲು ಸರಿಯಾದ ಜಾಗಕ್ಕೆ ಹೋಗುತ್ತಿದೆ ಅನ್ನುವುದನ್ನು ಗಮನಿಸಲು ನನಗೆ ಎರಡು ವಾರ ಬೇಕಾಯಿತು. ಬಲಗೈ ಆಟಗಾರ ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಭುಜ ಎಡಕ್ಕೆ ತಿರುಗುತ್ತದೆ, ಬಲಗಾಲು ಮುಂದೆ ಬರುತ್ತದೆ. ಎಡಗೈ ಫೋರ್‌ಹ್ಯಾಂಡಿಗೂ ಬೇಕಾಗಿರುವುದು ಅದೇ ಭುಜ, ಅದೇ ಕಾಲು! ಅಂದರೆ ಸೊಂಟದಿಂದ ಕೆಳಗೆ ನಾನು ಹೊಸದಾಗಿ ಕಲಿಯಬೇಕಾದದ್ದು ಬಹಳ ಕಡಿಮೆ. ಹಳೆ ಬ್ಯಾಕ್‌ಹ್ಯಾಂಡಿಗೆ ಹೋದ ಹಾಗೇ ಹೋಗು, ಕೊನೆಯಲ್ಲಿ ಹೊಡೆಯುವ ಕೈ ಬದಲಾಯಿಸು, ಅಷ್ಟೆ. ಇದು ಹೊಳೆದ ದಿನ ಖುಷಿಗೆ ಗೋಡೆಯ ಮುಂದೆ ಒಂದೂವರೆ ಗಂಟೆ ಹೊಡೆದೆ. ಮರುದಿನ ಎಡ ಮುಂದೋಳು ಕಲ್ಲಿನ ಹಾಗಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು ಒಡೆದೂ ಹೋಗಿತ್ತು.

ಅಲ್ಲಿಗೆ ಬುದ್ಧಿ ಬಂತು. ಬಲ ಮೊಣಕೈ ಹಾಳು ಮಾಡಿಕೊಂಡ ದಾರಿಯಲ್ಲೇ ಎಡದ್ದನ್ನೂ ಹಾಳು ಮಾಡಿಕೊಳ್ಳಲು ಹೊರಟಿದ್ದೆ. ಆಮೇಲೆ ದಿನಕ್ಕೆ ಹದಿನೈದು ನಿಮಿಷ ಅಂತ ಕಟ್ಟು ಹಾಕಿಕೊಂಡೆ. ಬಾರದ ಕೈ ರಾಕೆಟನ್ನು ಹಾವಿನ ಕತ್ತು ಹಿಡಿದ ಹಾಗೆ ಹಿಡಿಯುತ್ತದೆ. ಆ ಬಿಗಿತವೇ ಅರ್ಧ ದಣಿವಿಗೆ ಕಾರಣ. ಇನ್ನೊಂದು ಸಣ್ಣ ವಿಷಯ, ಹಿಡಿಗೆ ಸುತ್ತಿದ ಓವರ್‌ಗ್ರಿಪ್. ಬಲಗೈಯವರಿಗೆ ಒಂದು ದಿಕ್ಕಿನಲ್ಲಿ ಸುತ್ತಿದರೆ ಎಡಗೈಯವರಿಗೆ ಅದರ ಉಲ್ಟಾ ಸುತ್ತಬೇಕು, ಇಲ್ಲದಿದ್ದರೆ ಟೇಪಿನ ಅಂಚು ಬೆರಳಿಗೆ ಎದುರಾಗಿ ಸಿಕ್ಕುತ್ತದೆ. ನಾನಂತೂ ಎರಡು ಕೈಗೂ ಒಂದೇ ರಾಕೆಟ್ ಬಳಸುವವನು, ಯಾವ ಕಡೆಗೆ ಸುತ್ತಲಿ? ಸಂಕೋಚಪಡುತ್ತಿರುವ ಕೈಗೇ ಮರ್ಯಾದೆ ಕೊಡೋಣ ಅಂತ ಎಡಗೈಗೆ ಸುತ್ತಿದೆ. ಬಲಗೈ ಏನೂ ತಕರಾರು ಮಾಡಲಿಲ್ಲ.

ನಿಜವಾಗಿ ಸಹಾಯ ಮಾಡಿದ್ದು ಎರಡು ಕೆಲಸ. ಮೊದಲನೆಯದು ಎಸೆಯುವುದು. ರಾಕೆಟ್ ಪಕ್ಕಕ್ಕಿಟ್ಟು ಬರೀ ಎಡಗೈಯಲ್ಲಿ ಚೆಂಡನ್ನು ಗೋಡೆಗೆ ಎಸೆಯುವುದು. ಶುರುವಿನಲ್ಲಿ ನನ್ನ ಎಸೆತ ಎಷ್ಟು ಹಾಸ್ಯಾಸ್ಪದವಾಗಿತ್ತು ಅಂದರೆ ಯಾರಾದರೂ ಹತ್ತಿರ ಬಂದರೆ ಶೂ ಲೇಸ್ ಕಟ್ಟುವ ನಾಟಕ ಮಾಡುತ್ತಿದ್ದೆ. ಮೊಣಕೈ ಮುಂದೆ, ಭುಜ ಹಿಂದೆ, ಸೊಂಟ ಎಲ್ಲೋ. ಎರಡು ವಾರ ದಿನಕ್ಕೆ ಐವತ್ತು ಎಸೆದ ಮೇಲೆ ಸೊಂಟ ಮೊದಲು ತಿರುಗಿ ಕೈ ಆಮೇಲೆ ಬರುವ ಕ್ರಮ ತಾನಾಗೇ ಕೂತಿತು. ಅದು ಕೂರದೆ ಎಡಗೈ ಹೊಡೆತಕ್ಕೆ ಜೀವ ಬರುವುದಿಲ್ಲ.

ಎರಡನೆಯದು ಕನ್ನಡಿ. ನನ್ನ ಹಳೆಯ ಬಲಗೈ ಫೋರ್‌ಹ್ಯಾಂಡಿನ ವಿಡಿಯೊ ಫೋನಿನಲ್ಲಿತ್ತು. ಅದನ್ನು ಎಡ-ಬಲ ತಿರುಗಿಸಿದೆ. ನೋಡಿದರೆ ನನ್ನ ಮುಖ, ನನ್ನ ಅಂಗಿ, ಆದರೆ ಎಡಗೈಯಲ್ಲಿ ಸಲೀಸಾಗಿ ಹೊಡೆಯುತ್ತಿರುವ ಒಬ್ಬ ಮನುಷ್ಯ. ವಿಚಿತ್ರ ಅನಿಸಿತು. ಕಳೆದುಹೋದ ಅವಳಿ ಸಿಕ್ಕ ಹಾಗೆ. ದಿನಾ ಅವನನ್ನು ನೋಡಿ ಚೆಂಡಿಲ್ಲದೆ ಬರೀ ಗಾಳಿಯಲ್ಲಿ ರಾಕೆಟ್ ಬೀಸುತ್ತಿದ್ದೆ. ಅವನನ್ನು ನಿಧಾನಗತಿಯಲ್ಲಿ ನೋಡುತ್ತಾ ಹೋದಾಗ ಗೊತ್ತಾಗಿದ್ದೇನೆಂದರೆ, ಅವನ ಆಟದಲ್ಲೂ ಹುಳುಕಿದೆ. ರಾಕೆಟ್ ಹಿಂದಕ್ಕೆ ಎಳೆಯುವುದು ತಡ. ಚೆಂಡು ಹೊಟ್ಟೆಯ ನೇರಕ್ಕೆ ಬಂದ ಮೇಲೆ ಹೊಡೆಯುತ್ತಾನೆ. ಆ ತಡವನ್ನು ಮುಚ್ಚಿಕೊಳ್ಳಲು ಮಣಿಕಟ್ಟು ತಿರುಚುತ್ತಾನೆ. ಬಲಗೈಯ ವಿಡಿಯೊವಾಗಿ ಅದನ್ನು ನೂರು ಸಲ ನೋಡಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಬೇರೆಯವರ ತಪ್ಪು ಬೇಗ ಕಾಣುತ್ತದಲ್ಲ, ಹಾಗೇ ಇದೂ.

ಎಡಗೈಗೆ ಆ ಚಟ ಅಂಟಿರಲಿಲ್ಲ. ಅದಕ್ಕೆ ಯಾವ ಚಟವೂ ಇರಲಿಲ್ಲ. ಚೆಂಡು ಮೈಯ ಮುಂದೆ ಇದ್ದಾಗಲೇ ಹೊಡೆ ಅಂತ ಹೇಳಿಕೊಟ್ಟೆ, ಹಾಗೇ ಹೊಡೆಯಿತು. ನಿಧಾನ, ಆದರೆ ಸರಿಯಾಗಿ.

ಮಕ್ಕಳಿಗೆ ಕಲಿಸುವ ಕೋಚ್ ಒಬ್ಬರು ನನ್ನ ಈ ಗೋಡೆ ಸೇವೆಯನ್ನು ದೂರದಿಂದ ನೋಡುತ್ತಿದ್ದರು. ಒಂದು ದಿನ ಬಂದು, "ನೀವು ಹಳದಿ ಚೆಂಡಲ್ಲಿ ಯಾಕೆ ಒದ್ದಾಡ್ತಿದ್ದೀರಿ? ಎಡಗೈಗೆ ಆರು ವರ್ಷ ವಯಸ್ಸು ಅಂದ್ಕೊಳಿ" ಅಂದು ಒಂದು ಬುಟ್ಟಿ ಕೆಂಪು ಚೆಂಡು ಕೊಟ್ಟರು. ಮಕ್ಕಳ ಟೆನಿಸ್‌ನಲ್ಲಿ ಮೂರು ಹಂತದ ಚೆಂಡುಗಳಿರುತ್ತವೆ. ಮಾಮೂಲಿ ಚೆಂಡಿಗಿಂತ ಕೆಂಪು ಸುಮಾರು 75 ಶೇಕಡಾ ನಿಧಾನ, ಕಿತ್ತಳೆ 50, ಹಸಿರು 25. ಕೆಂಪು ಚೆಂಡು ತೇಲಿಕೊಂಡು ಬಂದು ಮೆತ್ತಗೆ ಪುಟಿದು ಬಾ ಹೊಡಿ ಅನ್ನುತ್ತದೆ. ಸರ್ವಿಸ್ ಗೆರೆಯ ಹತ್ತಿರ ನಿಂತು ನೆಟ್ಟಿನ ಆ ಕಡೆಗೆ ಒಂದು ಮಗು, ಈ ಕಡೆಗೆ ನಾನು. ಅಲ್ಲಿಂದ ನೆಟ್ಟಿಗೆ 6.40 ಮೀಟರ್ ಅಷ್ಟೆ. ಎದುರಿಗಿದ್ದ ಹುಡುಗಿ ನಾಲ್ಕು ಚೆಂಡು ನೋಡಿ, "ಅಂಕಲ್, ನೀವು ರಾಕೆಟ್ ತಪ್ಪು ಕೈಲಿ ಹಿಡ್ಕೊಂಡಿದ್ದೀರ" ಅಂದಳು. ಹೌದಮ್ಮಾ ಗೊತ್ತು ಅಂದೆ. ಮತ್ಯಾಕೆ ಅಂದಳು. ಉತ್ತರ ಇರಲಿಲ್ಲ. ಒಂದೂವರೆ ತಿಂಗಳು ಕೆಂಪು, ಆಮೇಲೆ ಸುಮಾರು ಎರಡು ತಿಂಗಳು ಕಿತ್ತಳೆ ಮತ್ತು ಹಸಿರು. ಆ ಬುಟ್ಟಿ ಸಿಗದಿದ್ದರೆ ನಾನು ಎಂದೋ ಬಿಟ್ಟುಬಿಡುತ್ತಿದ್ದೆ.

ಅಷ್ಟರಲ್ಲಿ ಬಲಗೈ ವಾಸಿಯಾಗಿತ್ತು. ಅಲ್ಲಿಗೇ ಕಥೆ ಮುಗಿಯಬೇಕಿತ್ತು. ಆದರೆ ನನ್ನ ಹಳೆಯ ಬ್ಯಾಕ್‌ಹ್ಯಾಂಡಿಗೆ ವಾಪಸ್ ಹೋಗಲು ಮನಸ್ಸೇ ಬರಲಿಲ್ಲ. ನೋವು ಕೊಟ್ಟಿದ್ದು ಅದೇ, ಎಡಗೈಯೂ ಒಂದು ಮಟ್ಟಕ್ಕೆ ಬಂದಿದೆ, ಹಾಗಿದ್ದಮೇಲೆ ಎರಡನ್ನೂ ಸೇರಿಸಿದರೆ ಏನಾಗುತ್ತದೆ ನೋಡೋಣ ಅನಿಸಿತು. ನನ್ನ ಜೊತೆ ವಾರವಾರ ಆಡುವ ಗೆಳೆಯನಿಗೆ ಹೇಳಿದೆ. ಅವನು ಬಿದ್ದುಬಿದ್ದು ನಕ್ಕ. "ಲೋ ಸವ್ಯಸಾಚಿ, ಹಾಗೆಲ್ಲ ಯಾರಾದ್ರೂ ಆಡ್ತಾರೇನೋ?"

ಆಡಿದ್ದಾರೆ. ನಾನು ಓದಿಕೊಂಡೇ ಹೋಗಿದ್ದೆ. ಇಟಲಿಯ ಜಾರ್ಜಿಯೊ ಡಿ ಸ್ಟೆಫಾನಿ ಎರಡೂ ಕೈಯಲ್ಲಿ ಆಡಿ 1932ರಲ್ಲಿ ಫ್ರೆಂಚ್ ಚಾಂಪಿಯನ್‌ಷಿಪ್ ಫೈನಲ್ ತಲುಪಿ ಹೆನ್ರಿ ಕೊಷೆ ಎದುರು ಸೋತರು. ಅಮೆರಿಕದ ಬೆವರ್ಲಿ ಬೇಕರ್ ಫ್ಲೈಟ್ಜ್‌ಗೆ ಬ್ಯಾಕ್‌ಹ್ಯಾಂಡೇ ಇರಲಿಲ್ಲ, ಎರಡೂ ಕಡೆ ಫೋರ್‌ಹ್ಯಾಂಡ್. ಅವರು 1955ರಲ್ಲಿ ವಿಂಬಲ್ಡನ್ ಫೈನಲ್ ಆಡಿದವರು. ರಷ್ಯಾದ ಎವ್ಗೇನಿಯಾ ಕುಲಿಕೋವ್‌ಸ್ಕಾಯಾ ಕೂಡ ಹಾಗೇ ಆಡುತ್ತಿದ್ದರು. ಲೂಕ್ ಜೆನ್ಸನ್ ಎರಡೂ ಕೈಯಲ್ಲಿ ಸರ್ವ್ ಮಾಡುತ್ತಿದ್ದವರು, 1993ರಲ್ಲಿ ತಮ್ಮ ಮರ್ಫಿ ಜೊತೆ ಸೇರಿ ಫ್ರೆಂಚ್ ಓಪನ್ ಡಬಲ್ಸ್ ಗೆದ್ದರು. ನಡಾಲ್ ಬರೆಯುವುದು ಬಲಗೈಯಲ್ಲಿ, ಆಡಿದ್ದು ಎಡಗೈಯಲ್ಲಿ. ಶರಪೋವಾ ಕೂಡ ಚೆಂಡು ತೀರಾ ದೂರ ಹೋದಾಗ ಒಮ್ಮೊಮ್ಮೆ ಎಡಗೈಯಲ್ಲಿ ಹೊಡೆಯುತ್ತಿದ್ದರು. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿದೆ. "ಅವರೆಲ್ಲ ಸರಿ, ನೀನು?" ಅಂದ. ಆಮೇಲೆ, "ಹಂಗಾದ್ರೆ ಎರಡು ರಾಕೆಟ್ ಹಿಡ್ಕೋ, ಕೈ ಬದಲಾಯಿಸೋ ತಾಪತ್ರಯವೇ ಇಲ್ಲ" ಅಂದ. ಅದಕ್ಕೆ ಮಾತ್ರ ನಿಯಮ ಒಪ್ಪುವುದಿಲ್ಲ. ರಾಕೆಟ್ ಒಂದೇ ಇರಬೇಕು. ಅದನ್ನು ಯಾವ ಕೈಯಲ್ಲಿ ಹಿಡಿಯಬೇಕು, ಎಷ್ಟು ಸಲ ಬದಲಾಯಿಸಬಹುದು ಅನ್ನುವುದಕ್ಕೆ ತಡೆ ಇಲ್ಲ.

ಕೈ ಬದಲಾಯಿಸುವ ತಾಪತ್ರಯ. ಅವನು ತಮಾಷೆಗೆ ಹೇಳಿದ್ದೇ ಮುಂದೆ ಎರಡು ತಿಂಗಳು ನನ್ನನ್ನು ಕಾಡಿತು.

ಚೆಂಡಿಗೆ ಕಾಯುತ್ತಾ ನಿಂತಾಗ ಎರಡೂ ಕೈ ಹಿಡಿಯ ಮೇಲೆ ಇರಬೇಕು. ಇಲ್ಲದಿದ್ದರೆ ದಾಟಿಸಲು ಪುರಸೊತ್ತು ಇರುವುದಿಲ್ಲ. ಎರಡು ಕೈ ಇದ್ದರೆ ಒಂದು ಕೆಳಗೆ, ಒಂದು ಮೇಲೆ. ಕೆಳಗಿರುವ ಕೈಗೆ ಪೂರ್ತಿ ರಾಕೆಟ್ ಸಿಗುತ್ತದೆ. ಮೇಲಿರುವ ಕೈಗೆ ಒಂದು ಅಂಗೈಯಷ್ಟು ಕಮ್ಮಿ, ಅಂದರೆ ರಾಕೆಟ್ ಗಿಡ್ಡವಾಗುತ್ತದೆ, ಚೆಂಡಿಗೆ ಕೈ ಎಟುಕುವುದೂ ಕಮ್ಮಿ, ಹೊಡೆತದ ಜೋರೂ ಕಮ್ಮಿ. ಮೊದಲು ಬಲಗೈ ಕೆಳಗೆ ಇಟ್ಟೆ, ಅಭ್ಯಾಸಬಲ. ಎಡಕ್ಕೆ ಚೆಂಡು ಬಂದಾಗ ಬಲಗೈ ಬಿಟ್ಟು ಎಡಗೈಯನ್ನು ಹಿಡಿಯ ಬುಡಕ್ಕೆ ಜಾರಿಸಲು ನೋಡಿದೆ. ಬೆವರಿದ ಕೈಯಲ್ಲಿ ಜಾರಿಸುವುದು ಅಂದರೆ ಏನಂತ ಒಂದು ಸಲ ರಾಕೆಟ್ ನೆಟ್ಟಿನವರೆಗೆ ಹಾರಿದಾಗ ಅರ್ಥವಾಯಿತು. ಜಾರಿಸದೆ ಮೇಲಿಂದಲೇ ಹೊಡೆದರೆ ಎಡಗೈಯ ಬಡಪಾಯಿ ಹೊಡೆತ ನೆಟ್ ದಾಟುತ್ತಲೇ ಇರಲಿಲ್ಲ. ಕೊನೆಗೆ ಉಲ್ಟಾ ಮಾಡಿದೆ. ದುರ್ಬಲ ಎಡಗೈಗೆ ಪೂರ್ತಿ ಹಿಡಿ, ಬಲವಾದ ಬಲಗೈಗೆ ಮೇಲಿನ ಜಾಗ. ಬಲಗೈ ಗಿಡ್ಡ ರಾಕೆಟ್ಟಿನಲ್ಲೂ ಸುಧಾರಿಸಿಕೊಂಡಿತು. ಜೋರು ಸ್ವಲ್ಪ ಹೋಯಿತು ನಿಜ, ಆದರೆ ಗುರಿ ಮೊದಲಿಗಿಂತ ಸರಿಯಾಯಿತು. ಇದೊಂದು ಲಾಭ ನಾನು ಲೆಕ್ಕ ಹಾಕಿರಲಿಲ್ಲ.

ಇನ್ನೊಂದು ಲಾಭವೂ ಇದೆ. ಫೋರ್‌ಹ್ಯಾಂಡಿನಿಂದ ಬ್ಯಾಕ್‌ಹ್ಯಾಂಡಿಗೆ ಹೋಗುವಾಗ ಹಿಡಿತ ತಿರುಗಿಸಬೇಕಲ್ಲ, ಆ ಕೆಲಸ ಇಲ್ಲಿ ಇಲ್ಲ. ಎರಡೂ ಕೈ ತಮ್ಮ ತಮ್ಮ ಸೆಮಿ ವೆಸ್ಟರ್ನ್ ಹಿಡಿತದಲ್ಲಿ ಅಂಗೈಗಳನ್ನು ಹಿಡಿಯ ಅಡಿಗೆ ಕೊಟ್ಟು ಕಾದಿರುತ್ತವೆ. ಚೆಂಡು ಯಾವ ಕಡೆ ಬಂತೋ ಆ ಕೈ ಉಳಿಯುತ್ತದೆ, ಇನ್ನೊಂದು ಬಿಡುತ್ತದೆ. ನಾನು ಹಿಡಿಯುವುದನ್ನು ಕಲಿಯಬೇಕು ಅಂದುಕೊಂಡಿದ್ದೆ. ಕಲಿಯಬೇಕಾದದ್ದು ಬಿಡುವುದನ್ನು. ಬಲಗೈಗೆ ಬಿಡುವುದು ಗೊತ್ತೇ ಇರಲಿಲ್ಲ, ಎಡಗೈ ಹೊಡೆಯಲು ಹೊರಟಾಗಲೂ ಅರ್ಧ ದಾರಿವರೆಗೆ ಅದೂ ಜೊತೆಗೇ ಹೋಗುತ್ತಿತ್ತು. ಬಿಟ್ಟ ಮೇಲಾದರೂ ಸುಮ್ಮನಿರಬಾರದು, ಮುಂದೆ ಅಡ್ಡ ಚಾಚಿಕೊಂಡು ಭುಜ ತಿರುಗಿಸಲು ನೆರವಾಗಬೇಕು. ನನ್ನ ಬಲಗೈ ಕೆಲಸವಿಲ್ಲದ ನೆಂಟನ ಹಾಗೆ ಪಕ್ಕದಲ್ಲಿ ಜೋತುಬಿದ್ದಿರುತ್ತಿತ್ತು.

ಸರ್ವ್‌ನಲ್ಲೂ ಬಲಗೈಯೇ ಕೈಕೊಟ್ಟಿತು. ಎಡಗೈಯಲ್ಲಿ ಸರ್ವ್ ಮಾಡಬೇಕಾದರೆ ಚೆಂಡು ಎಸೆಯಬೇಕಾದದ್ದು ಬಲಗೈ. ಹೊಡೆಯುವ ಕೈ ಬದಲಾಗುತ್ತದೆ ಅಂತ ಎಡಗೈಗೆ ತಿಂಗಳುಗಟ್ಟಲೆ ತಯಾರಿ ಕೊಟ್ಟಿದ್ದೆ, ಎಸೆಯುವ ಕೈಯೂ ಬದಲಾಗುತ್ತದೆ ಅನ್ನುವುದು ತಲೆಗೇ ಬಂದಿರಲಿಲ್ಲ! ಬರೆಯುವ, ತಿನ್ನುವ, ಸೂಜಿಗೆ ದಾರ ಪೋಣಿಸುವ ಜಾಣ ಬಲಗೈ ಒಂದು ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆಯಲಾರದೆ ಹೋಯಿತು. ತಲೆಯ ಹಿಂದೆ ಬೀಳುತ್ತಿತ್ತು, ಇಲ್ಲವೇ ಒಂದು ಗಜ ಬಲಕ್ಕೆ. ನೆಲದ ಮೇಲೆ ರಾಕೆಟ್ ಇಟ್ಟು, ಎಸೆದ ಚೆಂಡು ಅದರ ಮೇಲೇ ಬಂದು ಬೀಳುವ ಹಾಗೆ ಅಭ್ಯಾಸ ಮಾಡಿದೆ. ಬೆರಳ ತುದಿಯಲ್ಲಿ ಹಿಡಿ, ಮೊಣಕೈ ಮಡಿಸಬೇಡ, ಕಣ್ಣಿನ ಎತ್ತರಕ್ಕೆ ಬಂದಾಗ ಬಿಡು. ನೂರರಲ್ಲಿ ಅರವತ್ತು ಸರಿ ಬೀಳಲು ಮೂರು ವಾರ ಹಿಡಿಯಿತು.

ಆದರೂ ಎಡಗೈ ಸರ್ವ್ ಒಂದೇ ಒಂದು ಕಡೆ ನನಗೆ ಋಣ ತೀರಿಸಿದೆ. ಅಂಕಣದ ಎಡ ಅರ್ಧದಲ್ಲಿ, ಅಂದರೆ ಆಡ್ ಕೋರ್ಟಿನಲ್ಲಿ ನಿಂತು ಎಡಗೈಯಲ್ಲಿ ಸ್ಲೈಸ್ ಕೊಟ್ಟರೆ, ಅಂದರೆ ಚೆಂಡಿನ ಪಕ್ಕ ಸವರಿದ ಹಾಗೆ ಹೊಡೆದರೆ, ಚೆಂಡು ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡಿನಿಂದ ಆಚೆ ಆಚೆ ಸರಿಯುತ್ತಾ ಹೊರಗೆ ಹೋಗುತ್ತದೆ. ಎಡಗೈ ಆಟಗಾರರನ್ನು ಎಲ್ಲರೂ ಶಪಿಸುವುದು ಇದಕ್ಕೇ. ಮೊದಲ ಸಲ ಅದು ಸರಿಯಾಗಿ ಬಿದ್ದಾಗ ಗೆಳೆಯ ಒಂದು ಹೆಜ್ಜೆ ಹಾಕಿ, ಇನ್ನೊಂದು ಹಾಕಿ, ಕೊನೆಗೆ ಪಕ್ಕದ ಬೇಲಿಗೆ ಕೈಯೂರಿ ನಿಂತ. "ಇನ್ನೊಂದ್ಸಲ ಹಾಕು ನೋಡೋಣ" ಅಂದ. ಹಾಕಿದೆ, ನೆಟ್. ಮತ್ತೆ ಹಾಕಿದೆ, ನೆಟ್. ಡಬಲ್ ಫಾಲ್ಟ್. ಈಗಲೂ ಆ ಸರ್ವ್ ಪಂದ್ಯಕ್ಕೆ ಮೂರು ನಾಲ್ಕು ಸಲ ಮಾತ್ರ, ಅದೂ ಗೇಮಿನಲ್ಲಿ ನಾನು 40-0 ಮುಂದಿದ್ದಾಗ. ಉಳಿದೆಲ್ಲ ಬಲಗೈಯೇ.

ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಹೊಡೆತ, ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೆಟ್ ಹತ್ತಿರ ಕೈ ಬದಲಾಯಿಸಲು ಟೈಮೇ ಇರುವುದಿಲ್ಲ. ಎರಡು ಸಲ ಮೂಗಿಗೆ ಚೆಂಡು ಬಡಿಸಿಕೊಂಡು ಕೈಬಿಟ್ಟೆ. ಅಲ್ಲಿ ಬಲಗೈ, ಹಳೆಯ ಕಾಂಟಿನೆಂಟಲ್ ಹಿಡಿತ, ಹಳೆಯ ಆಟ.

ಇದನ್ನೆಲ್ಲ ಶುರುಮಾಡಿ ಈಗ ಒಂದು ವರ್ಷದ ಮೇಲಾಯಿತು. ಎಡಗೈ ಫೋರ್‌ಹ್ಯಾಂಡ್ ಈಗ ನನ್ನ ಹಳೆಯ ಬ್ಯಾಕ್‌ಹ್ಯಾಂಡಿಗಿಂತ ಖಂಡಿತ ಚೆನ್ನಾಗಿದೆ. ದೂರ ಹೋದ ಚೆಂಡಿಗೆ ಸುಲಭವಾಗಿ ಎಟುಕುತ್ತದೆ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ತಿರುಗು) ಬರುತ್ತದೆ, ಮೊಣಕೈ ನೋವಿಲ್ಲ. ಬಲಗೈ ಫೋರ್‌ಹ್ಯಾಂಡೂ ಸುಧಾರಿಸಿದೆ ಅಂತ ಗೆಳೆಯನೇ ಹೇಳಿದ. ನಾನು ಬಲಗೈಗೆ ಬೇರೆ ಅಭ್ಯಾಸ ಮಾಡಿರಲೇ ಇಲ್ಲ. ಎಡಗೈಗೆ ಪಾಠ ಹೇಳುವಾಗ ಅದೂ ಕೇಳಿಸಿಕೊಂಡಿರಬೇಕು, ಈಗ ಮಣಿಕಟ್ಟು ತಿರುಚದೆ ಚೆಂಡನ್ನು ಮುಂದೆಯೇ ಹೊಡೆಯುತ್ತದೆ.

ಅಂಕಿಅಂಶ ಕೇಳಿದರೆ ಮಾತ್ರ ಮುಖ ಸಣ್ಣದಾಗುತ್ತದೆ. ಮೊದಲ ನಾಲ್ಕು ತಿಂಗಳಲ್ಲಿ ಒಂದು ಸೆಟ್ಟೂ ಗೆಲ್ಲಲಿಲ್ಲ. ಎಡಕ್ಕೆ ಹೊಡೆದು ಹೊಡೆದು ಗೆದ್ದ ಗೆಳೆಯ, ಎಡ ಗಟ್ಟಿಯಾಗುತ್ತಾ ಬಂದಂತೆ ಒಂದೆರಡು ಸೆಟ್ ಕಳೆದುಕೊಂಡ. ನಾನು ಬೀಗುವಷ್ಟರಲ್ಲಿ ಅವನಿಗೆ ಕೀಲಿಕೈ ಸಿಕ್ಕಿತು. ಎಡಕ್ಕೂ ಬೇಡ, ಬಲಕ್ಕೂ ಬೇಡ, ನೇರ ಹೊಟ್ಟೆಗೆ ಹೊಡೆ! ಚೆಂಡು ಮೈಮೇಲೇ ಬಂದಾಗ ನನ್ನ ಎರಡು ಕೈಯೂ ನಾನು ನಾನು ಅಂತ ಮುಂದೆ ಬರುತ್ತವೆ, ಎರಡೂ ಹಿಂದೆ ಸರಿಯುತ್ತವೆ, ಎರಡು ದೋಣಿಯ ಮೇಲೆ ಕಾಲಿಟ್ಟವನ ಹಾಗೆ ನಾನು ನಡುವೆ ನಿಂತಿರುತ್ತೇನೆ. ಬ್ಯಾಕ್‌ಹ್ಯಾಂಡ್ ಇರುವವರು ಅಲ್ಲಿ ರಾಕೆಟನ್ನು ಹೊಟ್ಟೆಯ ಮುಂದೆ ಅಡ್ಡ ಹಿಡಿದು ಹೇಗೋ ತಳ್ಳಿಬಿಡುತ್ತಾರೆ. ನನಗೆ ಆ ದಾರಿ ಮರೆತೇಹೋಗಿದೆ. ಹೋದ ವಾರ ಒಂದೇ ಗೇಮಿನಲ್ಲಿ ಮೂರು ಸಲ ಹಾಗೆ ಹೊಡೆದ. ಮೂರನೆಯ ಸಲ ರಾಕೆಟ್ ಎರಡೂ ಕೈಯಿಂದ ಜಾರಿ ಕಾಲಬುಡಕ್ಕೆ ಬಿತ್ತು, ಚೆಂಡು ಎದೆಗೆ ತಾಗಿ ಅದರ ಪಕ್ಕದಲ್ಲೇ ಬಿತ್ತು. ಅವನು ನೆಟ್ ಹತ್ತಿರ ಬಂದು ಗಂಭೀರವಾಗಿ, "ಮೂರನೇ ಕೈ ಬೇಕು ಮಾರಾಯ ನಿಂಗೆ" ಅಂದ.

ಅದಕ್ಕೆ ಈ ವಾರ ಮತ್ತೆ ಗೋಡೆಯ ಮುಂದೆ ಇದ್ದೇನೆ. ನಡುವೆ ಬಂದ ಚೆಂಡೆಲ್ಲ ಬಲಗೈಗೆ ಅಂತ ತೀರ್ಮಾನ ಮಾಡಿಕೊಂಡು, ಎಡಗಾಲು ಎಡಕ್ಕೆ ಸರಿಸಿ ಜಾಗ ಮಾಡಿಕೊಳ್ಳುವ ಒಂದೇ ಹೆಜ್ಜೆಯನ್ನು ದಿನಾ ನೂರು ಸಲ ಹಾಕುತ್ತಿದ್ದೇನೆ. ಕೋಚ್‌ರಿಂದ ಕೆಂಪು ಚೆಂಡಿನ ಬುಟ್ಟಿಯನ್ನೂ ಮತ್ತೆ ಕೇಳಿ ತಂದಿದ್ದೇನೆ.